ಕಂಬದ ಮೇಲಿನ ಹಸಿರು

ರೈಲ್ವೆ ಕ್ವಾರ್ಟರ್ಸ್, ಅರಸೀಕೆರೆ
೨ ಫೆಬ್ರವರಿ ೧೯೯೩

ಧರ್ಮೇಶ,

ಕ್ಷೇಮ ಎಂದು ಬರೆದು ಶುರು ಮಾಡಬೇಕು, ನನ್ನ ಕೈಯಲ್ಲಿ ಆಗುತ್ತಿಲ್ಲ. ನಿನ್ನ ಭಾವನನ್ನು ಸಸ್ಪೆಂಡ್ ಮಾಡಿದ್ದಾರೆ. ಹೋದ ತಿಂಗಳು ಇಪ್ಪತ್ತಮೂರರ ಬೆಳಗಿನ ಜಾವ ನಾಲ್ಕೂವರೆಗೆ ಹಾಸನದ ಕಡೆ ಗೂಡ್ಸ್ ಗಾಡಿ ಓಡಿಸಿಕೊಂಡು ಹೋಗುತ್ತಿದ್ದರು. ದಾರಿಯಲ್ಲಿ ಒಂದು ಸಣ್ಣ ಸ್ಟೇಷನ್ನಿನ ಸಿಗ್ನಲ್ ದಾಟಿ ಒಳಗೆ ನುಗ್ಗಿ, ನಿಂತಿದ್ದ ಜಲ್ಲಿ ವ್ಯಾಗನ್ನುಗಳಿಗೆ ಗುದ್ದಿದರು. ಯಾರೂ ಸಾಯಲಿಲ್ಲ. ಅಸಿಸ್ಟೆಂಟ್ ಉಗ್ರಪ್ಪನವರ ತೋಳು ಮುರಿದಿದೆ. ಆ ಹೊತ್ತಿನಲ್ಲಿ ಅವರು ಬಗ್ಗಿ ಏನೋ ನೋಡುತ್ತಿದ್ದರಂತೆ, ಸಿಗ್ನಲ್ ಕಡೆ ಕಣ್ಣು ಹೋಗಿರಲಿಲ್ಲವಂತೆ.

ಇವರದು ಒಂದೇ ಮಾತು. ತಿರುವು ದಾಟಿದಾಗ ಕಂಬದ ಮೇಲೆ ಕೆಂಪು ಕಂಡಿತು, ಬ್ರೇಕಿಗೆ ಕೈ ಹಾಕಿದೆ, ನೋಡುತ್ತಿದ್ದ ಹಾಗೇ ಹಸಿರಾಯಿತು, ಸಿಗ್ನಲ್ ಕೊಟ್ಟರು ಅಂದುಕೊಂಡು ಬಿಟ್ಟೆ. ಸ್ಟೇಷನ್ ಮಾಸ್ಟರು ಗಂಗಾಧರಯ್ಯನವರು, ಕಂಬದ ಸಿಗ್ನಲ್ ಕೈ ಇಳಿಸಿಯೇ ಇಲ್ಲ, ಇಳಿಸದೆ ಹಸಿರು ಬರುವುದೇ ಇಲ್ಲ ಎನ್ನುತ್ತಾರೆ. ಕಣ್ಣು ಪರೀಕ್ಷೆ ಮಾಡಿಸಿದರು. ಬಣ್ಣಗಳನ್ನೆಲ್ಲ ಸರಿಯಾಗಿ ಹೇಳಿದ್ದಾರೆ. ಕಣ್ಣು ಸರಿ ಇದ್ದ ಮೇಲೆ ಉಳಿದದ್ದು ಎರಡೇ, ಕುಡಿದಿದ್ದ ಇಲ್ಲವೇ ನಿದ್ದೆ ಹೊಡೆಯುತ್ತಿದ್ದ. ಮನೆಯಲ್ಲಿ ಬುದ್ಧರ ಪಟದ ಮುಂದೆ ಹೆಂಡ ಮುಟ್ಟೆನು ಎಂದು ದಿನವೂ ಪಂಚಶೀಲ ಹೇಳುವ ಮನುಷ್ಯನಿಗೆ ಕುಡುಕ ಎನ್ನುತ್ತಾರೆ. ಪಕ್ಕದ ಮನೆಯವರು ಪಾಪ ಎನ್ನುವ ಧಾಟಿ ನೋಡಿದರೆ ನನಗೆ ಮೈ ಉರಿಯುತ್ತದೆ.

ಮೊನ್ನೆ ಹುಲಿಕೆರೆಗೆ, ಅವರ ತಾಯಿ ಗಿಡ್ಡಮ್ಮತ್ತೆಯ ಹತ್ತಿರ ಹೋಗಿ ಬರ್ತೀನಿ ಅಂದರು. ಮಾರನೆಯ ದಿನ ಬೆಳಿಗ್ಗೆ ಗಿಡ್ಡಮ್ಮತ್ತೆ ಹಳೇಬೀಡಿನಿಂದ ಫೋನ್ ಮಾಡಿಸಿದರು, ಹಾಸಿಗೆಯಲ್ಲಿ ದೇವರಾಜ ಇಲ್ಲ ಎಂದು. ನಾನು ಬಸ್ಸಿನಲ್ಲಿ ಹೇಗೆ ಹೋದೆನೋ ನನಗೇ ಗೊತ್ತಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಅಲ್ಲಿಯ ಕಲ್ಯಾಣಿ, ಅದರ ನೀರು. ಹೋಗಿ ನೋಡಿದರೆ ಮೇಲಿನ ಮೆಟ್ಟಿಲ ಮೇಲೆ ಕೂತಿದ್ದಾರೆ. ಜಾವದಿಂದ ಕೂತಿದ್ದರಂತೆ. ನನ್ನನ್ನು ನೋಡಿ, "ಲತಾ, ಅದು ಚುಕ್ಕಿ ಕಣೇ. ಪಡುವಣದಲ್ಲಿ ಮುಳುಗೋ ಹೊತ್ತಿಗೆ ಕೆಂಪಾಗ್ತದೆ, ಹಸಿರಾಗ್ತದೆ. ಇವತ್ತು ಜಾವದಲ್ಲಿ ನೋಡ್ದೆ" ಅಂದರು. ನನಗೆ ಅಳು ಬಂತು. ಇವರ ಬುದ್ಧಿ ಹೋಯಿತಾ, ಇದ್ದದ್ದೇ ಹೇಳುತ್ತಿದ್ದಾರಾ? ನೀನು ಫಿಸಿಕ್ಸ್ ಮೇಷ್ಟ್ರು. ನಕ್ಷತ್ರ ಬಣ್ಣ ಬದಲಾಯಿಸುತ್ತದಾ? ಬೇಗ ಬರೆ. ಕೆಲಸ ಹೋದರೆ ಈ ಮನುಷ್ಯ ಉಳಿಯುವುದಿಲ್ಲ. ಹೆದರಿಸಲು ಹೇಳುತ್ತಿಲ್ಲ, ನಾನು ಕಂಡದ್ದು ಹೇಳುತ್ತಿದ್ದೇನೆ.

ಅಕ್ಕ

ಗುಲ್ಬರ್ಗ
೧೧ ಫೆಬ್ರವರಿ ೧೯೯೩

ಅಕ್ಕ,

ಭಾವನ ಬುದ್ಧಿ ಎಲ್ಲಿಗೂ ಹೋಗಿಲ್ಲ. ನಿನ್ನ ಕಾಗದ ಓದಿ ಮೊದಲು ಹೆದರಿದೆ, ಆಮೇಲೆ ಕುಣಿದಾಡಿಬಿಟ್ಟೆ.

ಮುದ್ದೆಗೆ ಎಸರು ಕುದಿಯುವಾಗ ಒಲೆಯ ಆಚೆಯ ಗೋಡೆ ನೋಡು. ಗೋಡೆ ಅಲುಗಿದ ಹಾಗೆ ಕಾಣುತ್ತದೆ. ಅಲುಗುವುದು ಗೋಡೆಯಲ್ಲ, ನಡುವಿನ ಬಿಸಿಗಾಳಿ. ನಮ್ಮ ತಲೆಯ ಮೇಲೂ ಬಿಸಿ ತಣ್ಣನೆಯ ಗಾಳಿ ಸದಾ ಕಲಸಿಕೊಂಡು ಹರಿಯುತ್ತಿರುತ್ತದೆ. ನಕ್ಷತ್ರ ಎಷ್ಟು ದೂರ ಎಂದರೆ ನಮಗೆ ಒಂದು ಚುಕ್ಕೆ ಮಾತ್ರ. ಆ ಸಣ್ಣ ಬೆಳಕನ್ನು ಗಾಳಿ ಒಂದು ಕ್ಷಣ ನಮ್ಮ ಕಣ್ಣಿನತ್ತ ಬಾಗಿಸುತ್ತದೆ, ಮರುಕ್ಷಣ ಆಚೆ ತಳ್ಳುತ್ತದೆ. ಅದೇ ಮಿನುಗು. ನೆತ್ತಿಯ ಮೇಲಿದ್ದಾಗ ಗಾಳಿ ಕಡಿಮೆ. ದಿಗಂತದ ಹತ್ತಿರ ಬಂದಾಗ ಬೆಳಕು ಓರೆಯಾಗಿ, ಬಹಳ ಗಾಳಿ ದಾಟಿ ಬರಬೇಕು. ಬಿಳಿ ಬೆಳಕಿನೊಳಗೆ ಎಲ್ಲ ಬಣ್ಣವೂ ಇದೆಯಲ್ಲ, ಗಾಳಿ ಒಂದೊಂದು ಬಣ್ಣವನ್ನು ಒಂದೊಂದು ಅಳತೆಯಲ್ಲಿ ಬಾಗಿಸುತ್ತದೆ. ಈ ಕ್ಷಣ ಕೆಂಪು ನಮ್ಮ ಕಣ್ಣಿಗೆ ಬಿದ್ದರೆ ಮುಂದಿನ ಕ್ಷಣ ಹಸಿರು. ನಕ್ಷತ್ರ ಬದಲಾಗುವುದಿಲ್ಲ, ನಮಗೆ ತಲುಪುವುದು ಬದಲಾಗುತ್ತದೆ. ಭಾವ ನೋಡಿದ್ದು ಲುಬ್ಧಕ ಇರಬೇಕು. ಆಕಾಶದಲ್ಲೇ ಎಲ್ಲಕ್ಕಿಂತ ಹೊಳೆಯುವ ನಕ್ಷತ್ರ. ಜನವರಿಯಲ್ಲಿ ಆ ಹೊತ್ತಿಗೆ ಪಡುವಣದಲ್ಲಿ ಮುಳುಗುತ್ತದೆ. ಅವತ್ತು ಅಮಾವಾಸ್ಯೆಯ ಮಗ್ಗುಲು, ಚಂದ್ರನೂ ಇಲ್ಲ.

ಆದರೆ ಒಂದು ವಿಷಯ. ಸಿಗ್ನಲ್ ದೀಪ ಉರಿಯುತ್ತಿದ್ದರೆ ಯಾವ ಡ್ರೈವರೂ ನಕ್ಷತ್ರದ ಕಡೆ ತಿರುಗಿ ನೋಡುವುದಿಲ್ಲ. ಅಂದರೆ ಅವತ್ತು ಆ ಕಂಬದ ಸೀಮೆಎಣ್ಣೆ ದೀಪ ಆರಿತ್ತು. ಇದೇ ಭಾವನನ್ನು ಉಳಿಸುವ ಮಾತು. ಅದು ಯಾವ ಸ್ಟೇಷನ್? ಅಲ್ಲಿ ಹಳಿ ಯಾವ ದಿಕ್ಕಿಗೆ ಹೋಗುತ್ತದೆ? ತಿಳಿಸು, ಲೆಕ್ಕ ಹಾಕಿ ಬರೆಯುತ್ತೇನೆ. ಅಪ್ಪನ ಮಂಡಿ ಹೇಗಿದೆ? ಅವನಿಗೆ ಇದೆಲ್ಲ ಹೇಳಿ ಗಾಬರಿ ಮಾಡಬೇಡ.

ಧರ್ಮೇಶ

ಅರಸೀಕೆರೆ
೨೦ ಫೆಬ್ರವರಿ ೧೯೯೩

ಧರ್ಮೇಶ,

ನಿನ್ನ ಕಾಗದವನ್ನು ಇವರಿಗೆ ಓದಿ ಹೇಳಿದೆ. ಮೊದಲ ಭಾಗಕ್ಕೆ ಮುಖ ಅರಳಿತು. ಎಷ್ಟು ದಿನದ ಮೇಲೆ ಊಟಕ್ಕೆ ತಾವಾಗಿ ಬಂದು ಕೂತರು. ಎರಡನೆಯ ಭಾಗ ಓದುವಾಗ ಎದ್ದು ಹೊರಗೆ ಹೋದರು.

ತಿರುವು ದಾಟಿದ ಮೇಲೆ ಹಳಿ ಪಡುವಣಕ್ಕೆ, ಸ್ವಲ್ಪ ತೆಂಕಲಿಗೆ ವಾಲಿ ಹೋಗುತ್ತದೆ. ಸ್ಟೇಷನ್ ಹೆಸರು ಕಟ್ಟಿಕೊಂಡು ನಿನಗೇನಾಗಬೇಕು? ನಕ್ಷತ್ರಕ್ಕೆ ಊರ ಹೆಸರು ಬೇಕಾ? ಎನ್‌ಕ್ವೈರಿ ಮಾಡುತ್ತಿರುವ ಅಧಿಕಾರಿ ಜಯದೇವಪ್ಪ ಅಂತ. ಮನುಷ್ಯ ಒರಟು, ಆದರೆ ಕೇಳಿಸಿಕೊಳ್ಳುತ್ತಾರೆ ಅಂತಾರೆ. ನೀನು ನಕ್ಷತ್ರದ ಮಾತು ಮಾತ್ರ ಬರೆದುಕೊಡು. ದೀಪ ಆರಿತ್ತು ಎನ್ನುವ ಆ ಒಂದು ಸಾಲು ಬಿಟ್ಟುಬಿಡು. ನಿನ್ನ ಕಾಲು ಹಿಡಿದು ಕೇಳ್ತೀನಿ ಅಂದುಕೋ.

ಅಪ್ಪ ಚೆನ್ನಾಗಿದ್ದಾನೆ. ಜೂನಿನಲ್ಲಿ ರಿಟೈರ್ ಆಗುತ್ತಾನಲ್ಲ, ಹಸು ಕಟ್ಟುವ ಮಾತಾಡುತ್ತಾನೆ.

ಅಕ್ಕ

ಗುಲ್ಬರ್ಗ
೧ ಮಾರ್ಚ್ ೧೯೯೩

ಅಕ್ಕ,

ಲೆಕ್ಕ ಸರಿಯಾಗಿ ಕೂತಿದೆ! ಆ ದಿಕ್ಕಿನಲ್ಲಿ, ಆ ಹೊತ್ತಿಗೆ, ಲುಬ್ಧಕ ಕಂಬದ ನೆತ್ತಿಯ ಮಟ್ಟದಲ್ಲೇ ಇತ್ತು. ನಾನು ತಡ ಮಾಡಲಿಲ್ಲ. ಎಲ್ಲ ವಿವರ ಬರೆದು, ನಮ್ಮ ಪ್ರಿನ್ಸಿಪಾಲರ ಸೀಲು ಹಾಕಿಸಿ, ಜಯದೇವಪ್ಪನವರ ಹೆಸರಿಗೆ ನೇರವಾಗಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ಅದೇ ಜಾಗದಲ್ಲಿ ಅದೇ ಹೊತ್ತಿಗೆ ನಿಂತು ನೋಡಿ ಎಂದೂ ಬರೆದಿದ್ದೇನೆ.

ನೀನು ಬಿಡು ಅಂದ ಸಾಲು ಬಿಟ್ಟಿಲ್ಲ. ಅದನ್ನು ಬಿಟ್ಟರೆ ಉಳಿದದ್ದು ಕತೆಯಾಗುತ್ತದೆ. ಆ ಲ್ಯಾಂಪ್‌ಮ್ಯಾನ್ ಯಾರೋ ನಿಮ್ಮ ಕ್ವಾರ್ಟರ್ಸಿನವನೇ ಇರಬೇಕು, ನಿನಗೆ ಮುಖದಾಕ್ಷಿಣ್ಯ. ನಿನ್ನ ಒಳ್ಳೆಯತನಕ್ಕೂ ಒಂದು ಮಿತಿ ಇರಲಿ. ಸಂಜೆ ಏಣಿ ಹತ್ತಿ ದೀಪಕ್ಕೆ ಎಣ್ಣೆ ಹಾಕುವುದು ಅವನ ಕೆಲಸ, ಅದಕ್ಕೆ ಸಂಬಳ ತಿನ್ನುತ್ತಾನೆ. ಅವನ ಸೋಮಾರಿತನದಿಂದ ಭಾವ ಸಾಯುತ್ತಿದ್ದರು. ಅಂಥವನನ್ನು ಮನೆಗೆ ಕಳಿಸಲೇಬೇಕು, ಹಾಗೆಂದೂ ಬರೆದಿದ್ದೇನೆ. ನಮ್ಮ ಅಪ್ಪ ಅರಸೀಕೆರೆ ಯಾರ್ಡಿನಲ್ಲಿ ಇಷ್ಟು ವರ್ಷ ಕೆಲಸ ಮಾಡಿದ, ಒಂದು ದಿನವಾದರೂ ಹೀಗೆ ಮಾಡಿದನೇ?

ಧರ್ಮೇಶ

ಅರಸೀಕೆರೆ
೧೯ ಮಾರ್ಚ್ ೧೯೯೩

ಧರ್ಮೇಶ,

ನಿನ್ನ ಸೀಲು ಹಾಕಿದ ವಿದ್ಯೆಯ ಫಲ ಬರೆಯುತ್ತೇನೆ, ಕೂತು ಓದು.

ಮಂಗಳವಾರ ಜಾವ ನಾಲ್ಕೂವರೆಗೆ ಜಯದೇವಪ್ಪನವರು ಇವರನ್ನೂ ಗಂಗಾಧರಯ್ಯನವರನ್ನೂ ಕರೆದುಕೊಂಡು ಹೋಗಿ ಆ ತಿರುವಿನಲ್ಲಿ ನಿಂತರು. ಆಕಾಶ ತೊಳೆದಿಟ್ಟ ಹಾಗೆ ಇತ್ತಂತೆ. ಕಂಬದ ಹಿಂದೆ ಏನೂ ಇಲ್ಲ. ಹೊಳೆಯುವುದು ಹಾಗಿರಲಿ, ಒಂದು ಬಡಕಲು ನಕ್ಷತ್ರವೂ ಇಲ್ಲ. ಎಲ್ರೀ ನಿಮ್ಮ ಭಾವಮೈದುನನ ನಕ್ಷತ್ರ, ಅದನ್ನೂ ಸಸ್ಪೆಂಡ್ ಮಾಡಿದ್ದಾರಾ ಅಂತ ಜಯದೇವಪ್ಪನವರು ಕೇಳಿದರಂತೆ. ಎಲ್ಲರೂ ನಕ್ಕರು. ಇವರು ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಗೋಡೆಗೆ ಮುಖ ಮಾಡಿ ಮಲಗಿದರು. ಈಗ ಸುಳ್ಳು ಹೇಳಿದ್ದು, ಸುಳ್ಳಿಗೆ ಸಾಕ್ಷಿ ತಂದದ್ದು ಎರಡೂ ಅವರ ತಲೆಯ ಮೇಲೆ. ರಾತ್ರಿ ಮನೆಯಲ್ಲಿರುವ ಹಗ್ಗ, ಕುಡುಗೋಲು ಎಲ್ಲ ತೆಗೆದು ಪಕ್ಕದ ಮನೆಯಲ್ಲಿ ಇಟ್ಟು ಬಂದೆ.

ಇನ್ನು ಎರಡನೆಯದು. ಅಪ್ಪ ಅರಸೀಕೆರೆ ಯಾರ್ಡಿನಲ್ಲಿ ಇಲ್ಲ. ದೀಪಾವಳಿ ಆದ ಮೇಲೆ ಅವನನ್ನು ಆ ಸಣ್ಣ ಸ್ಟೇಷನ್ನಿಗೆ ಹಾಕಿದರು. ಮಂಡಿ ನೋವಿನವನನ್ನು ಏಣಿ ಹತ್ತಿಸುತ್ತಾರೆ ಎಂದು ನೀನು ರಂಪ ಮಾಡುತ್ತೀಯ ಅಂತ ನಿನಗೆ ಬರೆಯಬೇಡ ಅಂದಿದ್ದ. ಆ ಕಂಬದ ದೀಪ ಹಚ್ಚುವವನು ಅಪ್ಪ. ಸೋಮಾರಿ ಅಂದೆಯಲ್ಲ, ಮನೆಗೆ ಕಳಿಸಲೇಬೇಕು ಅಂದೆಯಲ್ಲ, ಆ ಲ್ಯಾಂಪ್‌ಮ್ಯಾನ್ ಕರಿಯಯ್ಯ. ನೀನು ಓದಿದ್ದು ಅವನು ಹಚ್ಚಿದ ದೀಪದ ಸಂಬಳದಲ್ಲಿ.

ಜಯದೇವಪ್ಪನವರು ಅಪ್ಪನನ್ನೂ ಕರೆಸಿ ಕೇಳಿದರು. ದೀಪ ಉರೀತಿತ್ತು ಅಂದ. ನಕ್ಷತ್ರವೇ ಇಲ್ಲದ ಮೇಲೆ ದೀಪದ ಮಾತು ಯಾಕೆ ಎಂದು ಬಿಟ್ಟುಬಿಟ್ಟರು. ನಕ್ಷತ್ರ ಬಾರದೆ ಅಪ್ಪ ಉಳಿದ, ಇವರು ಮುಳುಗಿದರು. ನಾನು ಯಾರಿಗೆ ಅಳಲಿ?

ಅಕ್ಕ

ಗುಲ್ಬರ್ಗ
೧೪ ಏಪ್ರಿಲ್ ೧೯೯೩

ಅಕ್ಕ,

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಬೈಯಿ. ಎಷ್ಟು ಬೈದರೂ ಸಾಲದು.

ನಿನ್ನ ಕಾಗದ ಓದಿದ ದಿನವೇ ತಪ್ಪು ಗೊತ್ತಾಯಿತು. ನಕ್ಷತ್ರ ದಿನದಿನಕ್ಕೆ ನಾಲ್ಕು ನಿಮಿಷ ಮುಂಚೆ ಮುಳುಗುತ್ತದೆ. ತಿಂಗಳಿಗೆ ಎರಡು ಗಂಟೆ. ಭೂಮಿ ಸೂರ್ಯನನ್ನು ಸುತ್ತುವುದರಿಂದ ಹಾಗೆ. ಇದನ್ನು ನಾನು ವರ್ಷವೂ ಹುಡುಗರಿಗೆ ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ಆ ಪತ್ರದಲ್ಲಿ ಬರೆಯಲಿಲ್ಲ. ಗೆದ್ದೆ ಎನ್ನುವ ಅವಸರ. ಮಾರ್ಚಿನಲ್ಲಿ ಅವರು ಹೋಗಿ ನಿಲ್ಲುವ ಹೊತ್ತಿಗೆ ಲುಬ್ಧಕ ಮುಳುಗಿ ಬಹಳ ಹೊತ್ತಾಗಿತ್ತು.

ತಿದ್ದಿ ಒಂದು ಪತ್ರ ಬರೆದಿಟ್ಟಿದ್ದೇನೆ. ಮೇಜಿನ ಮೇಲೇ ಇದೆ. ಪೋಸ್ಟಿಗೆ ಹಾಕಲು ಹೋಗಿ ಡಬ್ಬಿಯ ಮುಂದೆ ನಿಂತು ವಾಪಸು ಬಂದಿದ್ದೇನೆ. ಹಾಕಿದರೆ ಅವರು ಸರಿಯಾದ ಹೊತ್ತಿಗೆ ಹೋಗಿ ನೋಡುತ್ತಾರೆ, ನಕ್ಷತ್ರ ಕಾಣುತ್ತದೆ, ಆಮೇಲೆ ಅಪ್ಪನನ್ನು ಕೇಳುತ್ತಾರೆ. ಹಾಕದಿದ್ದರೆ ಭಾವ. ನನಗೆ ತಿನ್ನಲು ಆಗುತ್ತಿಲ್ಲ. ಅಪ್ಪನನ್ನು ನಾನು ಸೋಮಾರಿ ಅಂದೆ, ಸೀಲು ಹಾಕಿಸಿ ಅಂದೆ. ಅಕ್ಕ, ನೀನು ಹೇಳು. ಹಾಕಲಾ, ಬೇಡವಾ?

ಧರ್ಮೇಶ

ಅರಸೀಕೆರೆ
೨೫ ಏಪ್ರಿಲ್ ೧೯೯೩

ಧರ್ಮೇಶ,

ಗಂಡನಾ ಅಪ್ಪನಾ ಆರಿಸಿಕೋ ಎಂದು ಹದಿನೈದು ಪೈಸೆ ಕಾರ್ಡಿನಲ್ಲಿ ಬರೆದಿದ್ದರೂ ಆಗುತ್ತಿತ್ತು, ಇಷ್ಟು ಉದ್ದ ಯಾಕೆ ಬರೆದೆ? ನೀನು ಓದಿದವನು, ನಿನ್ನ ಭಾರ ಇಳಿಸಲು ನನ್ನ ಹೆಗಲೇ ಬೇಕಾಯಿತಾ?

ನೋಟೀಸು ಬಂದಿದೆ. ಮೇ ಕೊನೆಯೊಳಗೆ ಹೇಳುವುದಿದ್ದರೆ ಹೇಳಬೇಕು, ಆಮೇಲೆ ಕೆಲಸದಿಂದ ತೆಗೆಯುವ ಆರ್ಡರು. ಇವರು ಅದನ್ನು ಓದಿ ಮಡಿಸಿಟ್ಟು, ಕ್ವಾರ್ಟರ್ಸ್ ಖಾಲಿ ಮಾಡಿದ ಮೇಲೆ ನೀನು ಹುಲಿಕೆರೆಗೆ ಹೋಗು ಅಂದರು. ನೀವು ಅಂದೆ. ನೋಟೀಸನ್ನು ಮತ್ತೆ ಬಿಚ್ಚಿ ಮಡಿಸಿದರು.

ನಿನ್ನ ಕಾಗದ ಬಂದ ದಿನ ಅಪ್ಪ ಇಲ್ಲೇ ಇದ್ದ, ಮಂಡಿಗೆ ಎಣ್ಣೆ ತಿಕ್ಕಿಸಿಕೊಳ್ಳಲು ಬಂದಿದ್ದ. ಕಾಗದ ಓದಿ ನಾನು ಅಡುಗೆ ಮನೆಯಲ್ಲಿ ಕೂತು ಅತ್ತೆ. ಏನು ಬರ್ದವ್ನೆ ಅಂದ. ಏನಿಲ್ಲ ಅಂದೆ. "ನನ್ ಮಗ ಏನೂ ಇಲ್ದೆ ಇಷ್ಟುದ್ದ ಬರಿಯಲ್ಲ, ಓದು" ಅಂದ. ಓದಿದೆ ಕಣೋ. ಎಲ್ಲ ಓದಿದೆ. ಅವನು ಬೈಯಲಿಲ್ಲ, ಅಳಲಿಲ್ಲ. ಎಣ್ಣೆ ಹಚ್ಚಿದ ಕಾಲನ್ನು ಪಂಚೆಯಿಂದ ಒರೆಸಿಕೊಂಡ. ಆಮೇಲೆ ನಿನಗೆ ಬರಿ ಎಂದು ಹೇಳಿದ. ಅವನು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ:

"ಧರ್ಮೇಶ, ಆ ಚುಕ್ಕಿ ಕತ್ಲಾದ ಕೂಡ್ಲೆ ಕಂಬದ ಹಿಂದಕ್ಕೆ ಬರೋದು ಯಾವ ತಾರೀಕು ಅಂತ ಲೆಕ್ಕ ಹಾಕಿ ಆಫೀಸರ್‌ಗೆ ಬರ್ದಾಕು. ಜಾವದಲ್ಲಿ ಅವ್ರು ಇನ್ನೊಂದ್ಸಲ ಬರಾಕಿಲ್ಲ. ನೀನು ಸೋಮಾರಿ ಅಂದಿದ್ದು ನಂಗೆ ನೋವಿಲ್ಲ. ಮಿಕ್ಕಿದ್ದು ನಾನು ನೋಡ್ಕಂತೀನಿ. ಅಪ್ಪ."

ಅಕ್ಕ

ಗುಲ್ಬರ್ಗ
೩ ಮೇ ೧೯೯೩

ಅಕ್ಕ,

ಮೇ ಇಪ್ಪತ್ತೊಂದು, ಶುಕ್ರವಾರ, ರಾತ್ರಿ ಎಂಟೂ ಮುಕ್ಕಾಲು. ಅವತ್ತು ಅಮಾವಾಸ್ಯೆ. ಮೋಡ ಇಲ್ಲದಿದ್ದರೆ ಕಾಣುತ್ತದೆ. ಜಯದೇವಪ್ಪನವರಿಗೆ ನನ್ನ ತಪ್ಪು ಒಪ್ಪಿ ಬರೆದಿದ್ದೇನೆ. ನನಗೆ ಬರಲು ಆಗುವುದಿಲ್ಲ, ಪರೀಕ್ಷೆಯ ಪೇಪರ್ ತಿದ್ದುವುದಿದೆ. ಅಪ್ಪನಿಗೆ ಹೇಳು. ಏನು ಹೇಳಬೇಕೋ ಗೊತ್ತಿಲ್ಲ, ನೀನೇ ಏನಾದರೂ ಹೇಳು.

ಧರ್ಮೇಶ

ಅರಸೀಕೆರೆ
೨೩ ಮೇ ೧೯೯೩

ಧರ್ಮೇಶ,

ಸಂಜೆಯವರೆಗೂ ಮೋಡ ಇತ್ತು. ದೇವರು ದಿಂಡರು ಎನ್ನದ ನಾನು ಮೋಡಕ್ಕೆ ಕೈ ಮುಗಿದೆ, ಚೆದುರಲಿ ಎಂದಾ ಕವಿಯಲಿ ಎಂದಾ ನನಗೇ ಗೊತ್ತಿಲ್ಲ. ಏಳೂವರೆ ಹೊತ್ತಿಗೆ ಪಡುವಣ ಬಿಚ್ಚಿಕೊಂಡಿತು.

ಹೆಂಗಸಿಗೆ ಅಲ್ಲಿ ಕೆಲಸವಿಲ್ಲ ಅಂದರು. ನನ್ನ ಗಂಡ ಹೋಗುವ ಕಡೆ ನನಗೆ ಕೆಲಸ ಇದೆ ಎಂದು ಹೋದೆ. ತಿರುವಿನಲ್ಲಿ ಜಯದೇವಪ್ಪ, ಗಂಗಾಧರಯ್ಯ, ಇವರು, ನಾನು. ಅಪ್ಪ ಮಾತ್ರ, ನಾನು ಕಂಬದ ತಾವ ಇರ್ತೀನಿ ಎಂದು ಕೋಲು ಊರಿಕೊಂಡು ಹಳಿಯ ಪಕ್ಕದಲ್ಲೇ ಹೋದ. ಕತ್ತಲಲ್ಲಿ ಅವನ ಬಿಳಿ ಪಂಚೆ ಸ್ವಲ್ಪ ದೂರ ಕಂಡಿತು, ಆಮೇಲೆ ಇಲ್ಲ.

ಕಂಬದ ಮೇಲೆ ಕೆಂಪು ದೀಪ ಚೆನ್ನಾಗಿ ಉರಿಯುತ್ತಿತ್ತು. ನಿನ್ನ ನಕ್ಷತ್ರವೂ ಇಳಿದು ಬಂತು. ದೀಪದ ಮಗ್ಗುಲಲ್ಲೇ ಬಂದು ನಿಂತು ಮಿಣಮಿಣ ಎನ್ನುತ್ತಿತ್ತು. ಜಯದೇವಪ್ಪನವರು ಬಹಳ ಹೊತ್ತು ನೋಡಿ, ಇದು ದೀಪ, ಅದು ನಕ್ಷತ್ರ, ಎರಡೂ ಬೇರೆ ಬೇರೆ ಕಾಣುತ್ತಲ್ರೀ ದೇವರಾಜ್, ಇಷ್ಟು ನಿಚ್ಚಳವಾದ ಕೆಂಪನ್ನು ಬಿಟ್ಟು ಅದನ್ನು ನೋಡಿದಿರಾ ಅಂದರು. ಇವರು ತಲೆ ತಗ್ಗಿಸಿ ನಿಂತರು. ದೀಪ ಆರಿತ್ತು ಎಂದು ಒಂದು ಮಾತು ಹೇಳಿದರೆ ಸಾಕು. ಹೇಳಲಿಲ್ಲ. ನಾನು ಅವರ ತೋಳು ಹಿಡಿದೆ. ನಾನೂ ಹೇಳಲಿಲ್ಲ. ಆಯಿತು, ನಡೀರಿ ಎಂದು ಜಯದೇವಪ್ಪನವರು ಟಾರ್ಚ್ ತೆಗೆದರು.

ಆಗ ಕೆಂಪು ಆರಿತು.

ಯಾರಿಗೂ ಏನಾಯಿತೆಂದು ಹೊಳೆಯುವ ಮುಂಚೆ ಅದೇ ಜಾಗದಲ್ಲಿ ಕೆಂಪು ಮತ್ತೆ ಮಿಂಚಿತು, ನೋಡುತ್ತಿದ್ದ ಹಾಗೇ ಹಸಿರಾಯಿತು. ಜಯದೇವಪ್ಪನವರು ಗಂಗಾಧರಯ್ಯನವರ ಕಡೆ ತಿರುಗಿ, "ಸಿಗ್ನಲ್ ಕೊಟ್ಟವರು ಯಾರ್ರೀ?" ಅಂದರು.

"ಯಾರೂ ಕೊಟ್ಟಿಲ್ಲ ಸಾರ್. ನಾನು ಇಲ್ಲೇ ಇದೀನಲ್ಲ."

ಎನ್‌ಕ್ವೈರಿ ಮಾಡಲು ಬಂದವರ ಕಣ್ಣೇ ಮೋಸ ಹೋಯಿತು. ಇವರು ಮಾತ್ರ ನಕ್ಷತ್ರ ನೋಡಲಿಲ್ಲ. ಕಂಬದ ಕಡೆ ಓಡಿದರು. ಆಗಲೇ ನನಗೂ ಹೊಳೆದದ್ದು, ದೀಪ ಆರಿಸಿದ್ದು ಅಪ್ಪ, ಹೇಗೋ ಹತ್ತಿದ್ದಾನೆ, ಇಳಿಯುವುದು ಹೇಗೆ ಎಂದು.

ನಾವೆಲ್ಲ ಹಿಂದೆಯೇ ಓಡಿದೆವು. ಅಪ್ಪ ಏಣಿಯ ತುದಿಯಲ್ಲಿ ಕಂಬ ತಬ್ಬಿಕೊಂಡು ನಿಂತಿದ್ದ. ಮಂಡಿ ಹಿಡಿದುಬಿಟ್ಟಿತ್ತು. ಇವರು ಮೇಲೆ ಹೋಗಿ, ಅವನ ಪಾದವನ್ನು ಕೈಯಲ್ಲಿ ಹಿಡಿದು ಒಂದೊಂದೇ ಮೆಟ್ಟಿಲಿಗೆ ಇಟ್ಟುಕೊಂಡು ಇಳಿಸಿದರು. ಕೆಳಗೆ ಬಂದವನೇ ಜಯದೇವಪ್ಪನವರಿಗೆ ಹೇಳಿದ, "ಅವತ್ತೂ ಹಿಂಗೇ ಆರಿತ್ತು ಸ್ವಾಮಿ. ಮಂಡಿ ತಡೀದೆ ನಾನು ದಿನ ಬಿಟ್ಟು ದಿನ ಹತ್ತುತಿದ್ದೆ. ಉರೀತಿತ್ತು ಅಂದಿದ್ದು ಸುಳ್ಳು. ಆ ಹುಡುಗ ಕುಡ್ದಿರಲಿಲ್ಲ." ಆ ಹುಡುಗ ಅಂದದ್ದು ನಿನ್ನ ಭಾವನಿಗೆ.

ಇವರಿಗೆ ಮೊದಲಿನಿಂದಲೂ ಗೊತ್ತಿತ್ತಂತೆ. ಅಲ್ಲಿ ಗಾಡಿ ನಿಂತ ಒಂದು ಸಂಜೆ ಅಪ್ಪ ಏಣಿಯ ಕೆಳಗೆ ಕೂತಿದ್ದನ್ನು ನೋಡಿ, ತಾವೇ ಹತ್ತಿ ದೀಪ ಇಟ್ಟು ಬಂದಿದ್ದರಂತೆ. ನಾಲ್ಕು ತಿಂಗಳು ನನ್ನ ಪಕ್ಕದಲ್ಲೇ ಮಲಗಿ ನನಗೆ ಹೇಳಿರಲಿಲ್ಲ. ಅಪ್ಪನನ್ನು ಹಿಡಿದುಕೊಟ್ಟು ಬದುಕಲು ಆ ಮನುಷ್ಯನಿಗೆ ಮನಸ್ಸಿರಲಿಲ್ಲ, ನಾನು ಅವರನ್ನು ನೀರಿನಿಂದ, ಹಗ್ಗದಿಂದ ಕಾಯುತ್ತಿದ್ದೆ.

ಅಕ್ಕ

ಗುಲ್ಬರ್ಗ
೫ ಜೂನ್ ೧೯೯೩

ಅಕ್ಕ,

ಪೇಪರ್ ತಿದ್ದುವ ಕೆಲಸ ಇರಲಿಲ್ಲ. ಅಪ್ಪನ ಮುಂದೆ ನಿಲ್ಲಲು ಧೈರ್ಯ ಇರಲಿಲ್ಲ. ಅವತ್ತು ಅದೇ ಹೊತ್ತಿಗೆ ನಮ್ಮ ಹಾಸ್ಟೆಲಿನ ಮಾಳಿಗೆಯ ಮೇಲೆ ನಿಂತು ನಾನೂ ಪಡುವಣ ನೋಡುತ್ತಿದ್ದೆ.

ಆರ್ಡರು ಬಂತಾ? ಬರೆ. ಅಪ್ಪ ಆ ನಕ್ಷತ್ರದ ಬಗ್ಗೆ ಕೇಳಿದರೆ ಹೇಳು, ಈಗ ಅದು ಸೂರ್ಯನ ಹತ್ತಿರ ಸರಿಯುತ್ತಿದೆ, ಇನ್ನು ಕೆಲವೇ ದಿನದಲ್ಲಿ ಸಂಜೆಯ ಬೆಳಕಿನೊಳಗೆ ಮುಚ್ಚಿಹೋಗುತ್ತದೆ, ಕಾಣುವುದಿಲ್ಲ. ಆಗಸ್ಟ್ ಹೊತ್ತಿಗೆ ಮೂಡಣದಲ್ಲಿ ಮತ್ತೆ ಬರುತ್ತದೆ, ಜನವರಿಗೆ ಅದೇ ಕಂಬದ ಹಿಂದೆ ಇರುತ್ತದೆ.

ಧರ್ಮೇಶ

ಅರಸೀಕೆರೆ
೨೦ ಜೂನ್ ೧೯೯೩

ಧರ್ಮೇಶ,

ಆರ್ಡರು ಬಂತು. ದೀಪ ಕಾಣದ ಸಿಗ್ನಲನ್ನು ಕೆಂಪು ಎಂದೇ ತಿಳಿದು ನಿಲ್ಲಬೇಕು, ಅದು ನಿಯಮವಂತೆ. ನಿನ್ನ ಭಾವನಿಗೆ ಕೆಲಸ ಉಳಿಯಿತು, ಗಾಡಿ ಉಳಿಯಲಿಲ್ಲ. ಇನ್ನು ಶೆಡ್ಡಿನೊಳಗೆ ಎಂಜಿನ್ ಒರೆಸುವುದು, ಎಣ್ಣೆ ಬಿಡುವುದು. ಕುಡಿದಿದ್ದ ಎನ್ನುವ ಮಾತು ಮಾತ್ರ ತೆಗೆದುಹಾಕಿದ್ದಾರೆ. ಅದನ್ನು ಓದಿಸಿ ಓದಿಸಿ ಕೇಳಿಸಿಕೊಂಡರು.

ಅಪ್ಪನನ್ನು ರಿಟೈರ್ ಆಗಲು ಬಿಡಲಿಲ್ಲ. ಅದಕ್ಕೆ ಮುಂಚೆಯೇ ತೆಗೆದರು. ಪಿಂಚಣಿ ಇಲ್ಲ. ಅರ್ಜಿ ಹಾಕಬಹುದು ಎನ್ನುತ್ತಾರೆ, ಇವರು ಓಡಾಡುತ್ತಿದ್ದಾರೆ. ಅಪ್ಪ ಈಗ ನಮ್ಮ ಜೊತೆ ಇದ್ದಾನೆ. ಹಸುವಿನ ಮಾತು ಎತ್ತುವುದಿಲ್ಲ.

ದಿನವೂ ಕತ್ತಲಾಗುವ ಹೊತ್ತಿಗೆ ಹಿತ್ತಲಿನಲ್ಲಿ ಕುರ್ಚಿ ಹಾಕಿಕೊಂಡು ತೆಂಗಿನ ಮರಗಳ ಕಡೆ ನೋಡುತ್ತಾ ಕೂರುತ್ತಿದ್ದ. ನಕ್ಷತ್ರ ಮುಳುಗುವ ತನಕ ಒಳಗೆ ಬರುತ್ತಿರಲಿಲ್ಲ. ಊಟಕ್ಕೆ ಕರೆದರೆ, ತಡಿ, ಅದಿನ್ನೂ ಐತೆ ಅನ್ನುತ್ತಿದ್ದ. ನಿನ್ನ ಭಾವ ಶೆಡ್ಡಿನಿಂದ ಬಂದು ಪಕ್ಕದಲ್ಲಿ ಕೂರುತ್ತಿದ್ದರು. ಹೋದ ವಾರ ಮೂರು ಸಂಜೆ ಹುಡುಕಿದ, ಕಾಣಲಿಲ್ಲ. ಒಳಗೆ ಬಂದು ಕೇಳಿದ, "ಹೋಯ್ತೇನವ್ವ ಅದು?"

ನಿನ್ನ ಕಾಗದ ತೆಗೆದು ಓದಿದೆ. ಸೂರ್ಯನ ಹತ್ತಿರ ಸರಿಯಿತು, ಬೆಳಕಿನೊಳಗೆ ಮುಚ್ಚಿಹೋಯಿತು, ಇನ್ನು ಕಾಣುವುದಿಲ್ಲ ಎನ್ನುವವರೆಗೆ ಓದಿದೆ. ಅಪ್ಪ ತಲೆ ಆಡಿಸಿ, ತಟ್ಟೆ ಹಾಕು ಅಂದ. ಎಷ್ಟೋ ದಿನದ ಮೇಲೆ ಎರಡು ಮುದ್ದೆ ಉಂಡ. ನೆಟ್ಟಗೆ ನಿದ್ದೆಯನ್ನೂ ಮಾಡುತ್ತಿದ್ದಾನೆ.

ನೀನು ಬಂದಾಗ ಅವನ ಮುಂದೆ ಆಗಸ್ಟಿನ ಮಾತು ಎತ್ತಬೇಡ. ಆ ಒಂದು ಸಾಲು ನಾನು ಓದದೆ ಬಿಟ್ಟಿದ್ದೇನೆ.

ಅಕ್ಕ